ಭೋಸರಿಯ ಎರಡು ಪಿನ್‌ಕೋಡ್, ಒಂದೇ ಸೂತ್ರ

ಭಾಜ್ಯತೆಯ ನಿಯಮಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಬೇಕಿಲ್ಲ. ಎಲ್ಲವೂ 10ರ ಘಾತಗಳು ಉಳಿಸುವ ಶೇಷದಿಂದಲೇ ಹುಟ್ಟುತ್ತವೆ. ಪುಣೆಯ ಭೋಸರಿಯನ್ನೇ ನೋಡಿ: ಊರಿನ ಪಿನ್‌ಕೋಡ್ 411039, ಕೈಗಾರಿಕಾ ಪ್ರದೇಶದ್ದು 411026. ಹತ್ತನ್ನು 9ರಿಂದ ಭಾಗಿಸಿದರೆ ಶೇಷ 1. ಆದ್ದರಿಂದ ಅಂಕಿಗಳ ಮೊತ್ತ ನೋಡಿದರೆ ಸಾಕು. ಮೊದಲನೆಯದರ ಮೊತ್ತ 18, ಹಾಗಾಗಿ ಅದು 9ರಿಂದ ಭಾಗವಾಗುತ್ತದೆ. 1001 ಎಂದರೆ 7×11×13, ಅಂದರೆ ಈ ಮೂರಕ್ಕೂ 1000 ಉಳಿಸುವ ಶೇಷ −1. ಹೀಗಾಗಿ ಎರಡನೆಯದನ್ನು 411 ಮತ್ತು 026 ಎಂದು ಒಡೆದು ಕಳೆದರೆ 385. ಇದು 7ಕ್ಕೂ 11ಕ್ಕೂ ಭಾಗವಾಗುತ್ತದೆ, 13ಕ್ಕೆ ಆಗದು. ಮೂಲ ಸಂಖ್ಯೆಯದೂ ಅದೇ ಗತಿ. ಅದರ ಅಂಕಿಗಳ ಮೊತ್ತ 14. ಸಂಖ್ಯೆ ಸಮವೂ ಹೌದು, 7ರ ಗುಣಕವೂ ಹೌದು, ಆದ್ದರಿಂದ 14ರಿಂದಲೂ ಭಾಗವಾಗುತ್ತದೆ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದ.ರಾ. ಕಾಪ್ರೇಕರ್ (1905–1986) ತಮ್ಮ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಇಂಥವನ್ನು ಹರ್ಷದ ಸಂಖ್ಯೆಗಳೆಂದರು. 411039 ಬೆಸ ಸಂಖ್ಯೆ, 18ರಿಂದ ಭಾಗವಾಗದು. ಆ ಸಾಲಿಗೆ ಸೇರದು.

ಪರೀಕ್ಷೆಯಲ್ಲಿ ಸಮಯವೆಲ್ಲಿದೆ, ನೇರವಾಗಿ ಭಾಗಿಸಿದರಾಯಿತಲ್ಲ ಎನ್ನಬಹುದು. ಆರಂಕಿಯ ಸಂಖ್ಯೆಗೆ ಆ ಮಾತು ಸರಿಯೇ. ನುರಿತ ಕೈಗೆ ಅದೇ ಬೇಗ. ಆದರೆ 1, 11, 111, 1111… ಎಂಬ ಶ್ರೇಣಿಯ ಮೊದಲ 100 ಪದಗಳಲ್ಲಿ 7ರಿಂದ ಭಾಗವಾಗುವವು ಎಷ್ಟು ಎಂದು ಕೇಳಿದರೆ? ನೂರಂಕಿಯ ಸಂಖ್ಯೆಯನ್ನು ಯಾರೂ ಭಾಗಿಸುತ್ತ ಕೂರುವುದಿಲ್ಲ. ಪ್ರತಿ ಪದವನ್ನೂ 9ರಿಂದ ಗುಣಿಸಿದರೆ 10ರ ಘಾತಕ್ಕಿಂತ ಒಂದು ಕಡಿಮೆ. 10ರ ಘಾತಗಳು 7ಕ್ಕೆ ಉಳಿಸುವ ಶೇಷಗಳು ಕ್ರಮವಾಗಿ 3, 2, 6, 4, 5, 1. ಶೇಷ 1 ಬರುವುದು ಆರಕ್ಕೊಮ್ಮೆ. 111111 = 7×15873. ಉತ್ತರ 16.