ಹಳೆಯ ಷೇರು ಪತ್ರ: ಅಚ್ಚಿನ ಭೇದ, ಖರೀದಿಯ ಲೆಕ್ಕ

ಕೋಲಾರದ ಚಿನ್ನದ ಗಣಿಗಳನ್ನು ಮುಕ್ಕಾಲು ಶತಮಾನ ನಡೆಸಿದ್ದು ಲಂಡನ್ನಿನ ಷೇರುದಾರರ ಹಣ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳಿಗೆ ಬೇರೆ ಬೇರೆ ಕಂಪನಿಗಳಿದ್ದರೂ ಆಡಳಿತ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯದು. ಗಣಿಗಳು 1956ರ ಕೊನೆಗೆ ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್‌ಗೆ ಸೇರಿ, 2001ರ ಫೆಬ್ರುವರಿ 28ರಂದು ಮುಚ್ಚಿದವು. ಲಂಡನ್ ಕಂಪನಿಗಳು ಹಂಚಿದ ಷೇರು ಪತ್ರಗಳು ಮಾತ್ರ ಇಂದಿಗೂ ಹರಾಜಿಗೆ ಬರುತ್ತವೆ. ಆ ಪತ್ರ ಕೈಯಲ್ಲಿದ್ದರೆ ಗಣಿಯಲ್ಲಾಗಲಿ, ಉಳಿದ ಚಿನ್ನದಲ್ಲಾಗಲಿ, ಭಾರತ್ ಗೋಲ್ಡ್ ಮೈನ್ಸ್‌ನಲ್ಲಾಗಲಿ ಪಾಲು ಸಿಗುವುದಿಲ್ಲ. ಬೆಲೆ ಇರುವುದು ಕಾಗದಕ್ಕೆ, ಅದರಲ್ಲೂ ಅಚ್ಚಿನ ಭೇದಕ್ಕೆ.

ಸಂಗ್ರಹದ ಪೇಟೆಗಳೆಲ್ಲ ನಡೆಯುವುದು ಹೀಗೆಯೇ. ಅಮೆರಿಕದಲ್ಲಿ 1909ರಿಂದ 1911ರವರೆಗೆ ಸಿಗರೇಟ್ ಪೊಟ್ಟಣದೊಡನೆ ಬಂದ ಟಿ206 ಬೇಸ್‌ಬಾಲ್ ಕಾರ್ಡುಗಳಲ್ಲಿ ಮುಂಬದಿಯ ಚಿತ್ರ ಒಂದೇ ಆಗಿದ್ದರೂ ಹಿಂಬದಿಯ ಸಿಗರೇಟ್ ಜಾಹೀರಾತು ಬದಲಾದರೆ ಬೆಲೆಯೂ ಬದಲಾಗುತ್ತದೆ. ಆ ಸರಣಿಯ ಹೋನಸ್ ವ್ಯಾಗ್ನರ್ ಕಾರ್ಡೊಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಕೋಲಾರದ ಪತ್ರಗಳ ಪೇಟೆ ಅದರ ಮುಂದೆ ತೀರಾ ಚಿಕ್ಕದು. ಕೊಳ್ಳುವವರು ಕಡಿಮೆ, ಮಾರುವಾಗ ಕಾಯಬೇಕಾದ ಕಾಲ ಹೆಚ್ಚು.

ಪತ್ರದಲ್ಲಿ ಮೊದಲು ನೋಡಬೇಕಾದದ್ದು ಒಕ್ಕಣೆ. ಸಾಮಾನ್ಯ ಷೇರೋ ಪ್ರಿಫರೆನ್ಸ್ ಷೇರೋ, ಮುಖಬೆಲೆ ಪೂರ್ತಿ ಪಾವತಿಯಾಗಿದೆಯೋ ಭಾಗಶಃವೋ ಎಂಬುದು ಅಲ್ಲೇ ಇರುತ್ತದೆ. ಈ ವಿಷಯದಲ್ಲಿ ಊರಿಗಾಂ ಕಂಪನಿಗೆ ಕಾನೂನಿನ ಚರಿತ್ರೆಯಲ್ಲೇ ಜಾಗವಿದೆ. ಕಷ್ಟಕಾಲದಲ್ಲಿ ಅದು ಒಂದು ಪೌಂಡಿನ ಪ್ರಿಫರೆನ್ಸ್ ಷೇರುಗಳನ್ನು, 15 ಷಿಲಿಂಗ್ ಪಾವತಿಯಾಗಿದೆಯೆಂದು ಬರೆದುಕೊಂಡು, ಬರಿಯ 5 ಷಿಲಿಂಗ್ ಪಡೆದು ಹಂಚಿತು. 1892ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಇದು ಸಲ್ಲದೆಂದು ತೀರ್ಪಿತ್ತಿತು. ಮುಖಬೆಲೆಗಿಂತ ಕಡಿಮೆಗೆ ಷೇರು ಹಂಚುವಂತಿಲ್ಲ ಎಂಬ ಆ ನಿಯಮ ಭಾರತದ 2013ರ ಕಂಪನಿ ಕಾಯ್ದೆಯ 53ನೇ ಸೆಕ್ಷನ್ನಿನಲ್ಲೂ ಇದೆ. ಇಂಥ ಸಂಗತಿಯ ಕುರುಹು ಒಕ್ಕಣೆಯಲ್ಲಿರುವ ಪತ್ರಕ್ಕೆ ಹೆಚ್ಚು ಹಣ ಕೊಡಲು ಕಾರಣವಿರುತ್ತದೆ.

ಎರಡನೆಯದು ಅಚ್ಚಿನ ವಿಧಾನ. ತಾಮ್ರ ಅಥವಾ ಉಕ್ಕಿನ ತಗಡಿನಲ್ಲಿ ಕೊರೆದು ಒತ್ತಿದ ಗೆರೆ ಬೆರಳಿಗೆ ಉಬ್ಬಾಗಿ ತಾಗುತ್ತದೆ. ಕಲ್ಲಚ್ಚಿನ ಶಾಯಿ ಕಾಗದದ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಬಣ್ಣಬಣ್ಣದ ಸಣ್ಣ ಚುಕ್ಕಿಗಳು ಕಂಡರೆ ಅದು ಈಚಿನ ನಕಲು. ಕಾಗದಕ್ಕೆ ಬಿಳುಪು ಕೊಡುವ ರಾಸಾಯನಿಕ ಬಳಕೆಗೆ ಬಂದದ್ದು 1950ರ ಸುಮಾರಿಗೆ. ಆದ್ದರಿಂದ 1890ರ ಪತ್ರವೆಂದು ಹೇಳಿದ್ದು ನೇರಳಾತೀತ ದೀಪದಡಿ ನೀಲಿಯಾಗಿ ಹೊಳೆದರೆ ವ್ಯಾಪಾರ ಅಲ್ಲಿಗೇ ಮುಗಿಯಿತು. ಕೆಳಅಂಚಿನಲ್ಲಿ ಮುದ್ರಕರ ಹೆಸರು, ಮೊದಲೇ ಅಚ್ಚಾದ ಇಸವಿಯ ಅಂಕಿಗಳು, ಸಹಿ ಶಾಯಿಯದೋ ಅಚ್ಚಿನದೋ, ರದ್ದತಿಯ ತೂತುಗಳು ಮೂರನೆಯ ಹಂತದವು.

ಬಣ್ಣವನ್ನು ನೋಡಬೇಕಾದದ್ದು ಕೊನೆಗೆ. ಹೆಚ್ಚು ಹಣ ಕೈಬಿಡುವುದು ಇಲ್ಲೇ. ಬಂಗಾರಪೇಟೆಯ ಸಂಗ್ರಾಹಕರೊಬ್ಬರು ಗಣಿ ಕಂಪನಿಯೊಂದರ ಪತ್ರವನ್ನು 20,000 ರೂಪಾಯಿಗೆ ಹರಾಜಿನಲ್ಲಿ ಹಿಡಿದರು. ಸಾಮಾನ್ಯವಾಗಿ ಹಸಿರು ಅಂಚಿನಲ್ಲಿ ಸಿಗುವ ಪತ್ರ ಇಲ್ಲಿ ನೀಲಿ ಅಂಚಿನದಾಗಿತ್ತು, ಆ ಕಾರಣಕ್ಕೆ ಅಪರೂಪದ್ದೆಂದು ಬೆಲೆ ಏರಿತ್ತು. ಚೌಕಟ್ಟು ಬಿಚ್ಚಿದಾಗ ರಟ್ಟಿನ ಮರೆಯಲ್ಲಿದ್ದ ಕಿರುಬೆರಳಗಲದ ಪಟ್ಟಿ ಅಚ್ಚ ಹಸಿರಾಗಿಯೇ ಇತ್ತು. ನೀಲಿ, ಹಳದಿ ಬೆರೆಸಿದ ಹಸಿರು ಶಾಯಿಯಲ್ಲಿ ಹಳದಿ ಬೇಗ ಹಾರಿಹೋಗುತ್ತದೆ. ಗೋಡೆಗೆ ತೂಗಿದ ಪತ್ರ ವರ್ಷಾನುಗಟ್ಟಲೆ ಬೆಳಕು ಕುಡಿದು, ಬಿಸಿಲಿಗೆ ಒಣಹಾಕಿದ ಸೀರೆಯಂತೆ ಬಣ್ಣ ಕಳೆದುಕೊಂಡಿತ್ತು. ಅಚ್ಚುಮನೆಯಲ್ಲಿ ಆದದ್ದು ಭೇದ. ಗೋಡೆಯ ಮೇಲೆ ಆದದ್ದು ಬರಿಯ ಹಾನಿ.

ಅದು ನಿಜವಾಗಿಯೂ ನೀಲಿ ಅಚ್ಚೇ ಆಗಿದ್ದರೂ ಲೆಕ್ಕ ಹೇಗೆ ನಿಲ್ಲುತ್ತಿತ್ತು? ಕೂಗಿದ ಬೆಲೆ 20,000. ಕೊಳ್ಳುವವರ ಕಮಿಷನ್ ಶೇ 20, ಅಂದರೆ 4,000. ಕಮಿಷನ್ ಮೇಲೆ ಶೇ 18ರ ತೆರಿಗೆ 720. ಕೊರಿಯರ್, ವಿಮೆ, ಆಮ್ಲರಹಿತ ಕವರು 1,280. ಒಟ್ಟು 26,000. ಐದು ವರ್ಷದ ನಂತರ ಅದೇ ಪತ್ರ 30,000ಕ್ಕೆ ಹೋಯಿತೆನ್ನಿ. ಮಾರುವವರ ಕಮಿಷನ್ ಶೇ 15ರಂತೆ 4,500, ಅದರ ಮೇಲಿನ ತೆರಿಗೆ 810 ಕಳೆದು ಕೈಗೆ ಬರುವುದು 24,690. ಬೆಲೆ ಒಂದೂವರೆ ಪಟ್ಟಾದರೂ 1,310 ರೂಪಾಯಿ ನಷ್ಟ. ಅದೇ 26,000ವನ್ನು ಶೇ 7ರ ವಾರ್ಷಿಕ ಚಕ್ರಬಡ್ಡಿಯ ಠೇವಣಿಯಲ್ಲಿಟ್ಟಿದ್ದರೆ 36,466 ಆಗುತ್ತಿತ್ತು. ಅಷ್ಟು ಕೈಸೇರಬೇಕಾದರೆ ಹರಾಜಿನಲ್ಲಿ ಪತ್ರ 44,309ಕ್ಕೆ ನಿಲ್ಲಬೇಕು; ಅಂದರೆ ಕೂಗಿನ ಬೆಲೆ ವರ್ಷಕ್ಕೆ ಶೇ 17ಕ್ಕೂ ಮಿಕ್ಕಿ ಏರುತ್ತಲೇ ಇರಬೇಕು. ಈ ನಡುವೆ ಯಾವುದೋ ಹಳೆಯ ಕಚೇರಿಯ ಉಗ್ರಾಣದಿಂದ ಅದೇ ಪತ್ರದ ಒಂದು ಕಟ್ಟು ಹೊರಬಿದ್ದರೆ ಏರಿಕೆಯ ಮಾತೇ ಇಲ್ಲ.

ಗಾಜಿನ ಚೌಕಟ್ಟಿನಲ್ಲಿ ಮುಚ್ಚಿ, 'ಅಸಲಿ' ಎಂಬ ಪ್ರಮಾಣಪತ್ರದೊಡನೆ ಮಾರುವ ಪತ್ರಗಳನ್ನು ಹೂಡಿಕೆಯೆಂದು ಕರೆಯುವುದೇ ತಪ್ಪು. ಹಿಂಬದಿ ಕಾಣದು, ಉಬ್ಬು ತಾಗದು, ಬೆಳಕಿಗೆ ಹಿಡಿದು ನೀರುಗುರುತು ನೋಡಲಾಗದು. ಪ್ರಮಾಣಪತ್ರ ಬರೆದವರೇ ಮಾರುವವರಾದರೆ ಅದಕ್ಕೆ ಮೂರು ಕಾಸಿನ ಬೆಲೆಯೂ ಇಲ್ಲ. ಚೌಕಟ್ಟು ಬಿಚ್ಚಲು ಒಪ್ಪದ ವ್ಯಾಪಾರಿಯ ಜೊತೆ ಚೌಕಾಸಿಯೂ ವ್ಯರ್ಥ. 'ಊರಿಗಾಂ ಬಂಗಲೆಯಲ್ಲಿ ಸಿಕ್ಕಿದ್ದು' ಎಂಬ ಕಥೆಯನ್ನೂ ಹಾಗೆಯೇ ನಂಬಬಾರದು. ಕಂಪನಿಗಳ ಕಚೇರಿ ಲಂಡನ್ನಿನಲ್ಲಿತ್ತು, ಗಣಿಗಿಳಿದವರಿಗೆ ಸಿಕ್ಕಿದ್ದು ಕೂಲಿ.

ಮನೆಯ ಕಪಾಟಿನಲ್ಲಿ ಸಿಗುವ ಭಾರತೀಯ ಕಂಪನಿಗಳ ಹಳೆಯ ಷೇರು ಪತ್ರಗಳ ಮಾತು ಬೇರೆ. ಕಂಪನಿ ಇನ್ನೂ ನಡೆಯುತ್ತಿದ್ದರೆ ಅಥವಾ ಬೇರೊಂದರಲ್ಲಿ ವಿಲೀನವಾಗಿದ್ದರೆ ಆ ಕಾಗದ ಈಗಲೂ ಆಸ್ತಿಯೇ. ಏಳು ವರ್ಷ ಡಿವಿಡೆಂಡ್ ಪಡೆಯದೆ ಬಿಟ್ಟ ಷೇರುಗಳು ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ (ಐಇಪಿಎಫ್) ಹೋಗಿರಬಹುದು. ವಾರಸುದಾರರು ಅರ್ಜಿ ಹಾಕಿ ಮರಳಿ ಪಡೆಯಬಹುದು. ಇದನ್ನು ವಿಚಾರಿಸದೆ ಸಂಗ್ರಾಹಕರಿಗೆ ಕಾಗದದ ಬೆಲೆಗೆ ಕೊಟ್ಟುಬಿಡುವುದು ಶುದ್ಧ ಅವಿವೇಕ.

ಸಂಗ್ರಹ ಬೇಕೆನ್ನುವವರು ಖರ್ಚಿನ ಬಾಬಿನಲ್ಲೇ ಅದಕ್ಕೆ ಹಣ ತೆಗೆದಿಡಬೇಕು, ಉಳಿತಾಯದಿಂದಲ್ಲ. ಕೊಂಡ ದಿನವೇ ಕಮಿಷನ್, ತೆರಿಗೆ ಸೇರಿಸಿ ಪೂರ್ತಿ ಬೆಲೆ ಬರೆದಿಡಬೇಕು, ರಸೀದಿಯನ್ನು ಪತ್ರದ ಜೊತೆಯಲ್ಲೇ ಇಡಬೇಕು. ಪತ್ರವನ್ನು ಗೋಡೆಗೆ ತೂಗದೆ ಕತ್ತಲಲ್ಲಿ, ತೇವವಿಲ್ಲದ ಕಡೆ ಮಟ್ಟಸವಾಗಿ ಮಲಗಿಸಬೇಕು. ಒಕ್ಕಣೆ ಓದಲು, ಅಚ್ಚು ಪರೀಕ್ಷಿಸಲು ತಾಳ್ಮೆ ಇಲ್ಲದವರಿಗೆ ಠೇವಣಿಯೇ ಮೇಲು.