ಅಂಕುಶದ ಬೆಲೆ

ಕಾರನ್ನು ಕೊಳ್ಳುವಾಗ ಹತ್ತು ಮಂದಿಯನ್ನು ವಿಚಾರಿಸಿ, ಬ್ಯಾಂಕಿನ ಬಡ್ಡಿಯ ದರವನ್ನು ದಶಾಂಶದವರೆಗೆ ತೂಗಿನೋಡಿ, ವಿಮೆಯ ಕಂತಿನಲ್ಲಿ ಐನೂರು ರೂಪಾಯಿ ಉಳಿಸಲು ಅರ್ಧ ದಿನ ವ್ಯಯಿಸುವ ಗೃಹಸ್ಥನು, ಅದೇ ಕಾರು ಮನೆಗೆ ಬಂದ ಬಳಿಕ ಅದರ ಟೈರುಗಳಲ್ಲಿ ಎಷ್ಟು ಗಾಳಿ ಇರತಕ್ಕದ್ದೆಂಬುದನ್ನಾಗಲಿ, ಫ್ಯೂಸುಗಳ ಪೆಟ್ಟಿಗೆ ಎಲ್ಲಿದೆಯೆಂಬುದನ್ನಾಗಲಿ ತಿಳಿಯದೆ ವರ್ಷಗಟ್ಟಲೆ ಓಡಾಡುವುದುಂಟು. ಲಕ್ಷಗಟ್ಟಲೆ ಕೊಟ್ಟು ಆನೆಯನ್ನು ತಂದವನು ಅಂಕುಶದ ವಿಷಯದಲ್ಲಿ ಉದಾಸೀನನಾದರೆ ಹೇಗೋ ಹಾಗೆ ಇದು. ನಾನು ಕಾರಿನ ಖರ್ಚಿಗೆಂದೇ ಪ್ರತ್ಯೇಕವಾದ ಲೆಕ್ಕದ ಪುಸ್ತಕವೊಂದನ್ನು ಇಟ್ಟುಕೊಂಡು ಬಂದಿದ್ದೇನೆ. ಪೆಟ್ರೋಲು, ವಿಮೆ, ಸರ್ವೀಸು ಇವೆಲ್ಲ ನಿರೀಕ್ಷಿತ ವೆಚ್ಚಗಳಾದ್ದರಿಂದ ಮನಸ್ಸನ್ನು ಕದಡುವುದಿಲ್ಲ. ಅಗ್ಗದ ವಸ್ತುವೊಂದು ಸಕಾಲದಲ್ಲಿ ಗಮನಕ್ಕೆ ಬಾರದೆ, ಅದು ಕಾಯಬೇಕಾಗಿದ್ದ ದುಬಾರಿ ವಸ್ತು ಕೆಟ್ಟು ಬರುವ ವೆಚ್ಚವೇ ತಿಂಗಳ ಆಯವ್ಯಯವನ್ನು ಬುಡಮೇಲು ಮಾಡತಕ್ಕದ್ದು. ಆದಕಾರಣ ರಿಪೇರಿಯ ವಿಷಯದಲ್ಲಿ ನನ್ನ ನಿಯಮ ಒಂದೇ: ಪರೀಕ್ಷೆಯು ಅಗ್ಗವಾದದ್ದರಿಂದ ಮೊದಲಾಗಿ ದುಬಾರಿಯಾದದ್ದರ ಕಡೆಗೆ ಏರುತ್ತ ಹೋಗಬೇಕು.

ಒಂದು ಮಳೆಗಾಲದಲ್ಲಿ ಹಾಸನದಿಂದ ಸಕಲೇಶಪುರದ ಕಡೆಗೆ ಹೋಗುತ್ತಿದ್ದಾಗ ಹಿಂದಿನ ಎಡಗಡೆಯ ಟೈರಿನಲ್ಲಿ ಗಾಳಿ ಮೆಲ್ಲನೆ ಇಳಿಯುತ್ತಿರುವುದು ಕಂಡುಬಂದು, ಡ್ಯಾಶ್‌ಬೋರ್ಡಿನ ಸಾಕೆಟ್ಟಿಗೆ ಗಾಳಿಪಂಪಿನ ವೈರನ್ನು ಸಿಕ್ಕಿಸಿ ಗುಂಡಿಯನ್ನು ಒತ್ತಿದೆ. ಪಂಪು ಕೊಂಚ ಹೊತ್ತು ಗದ್ದಲಮಾಡಿ, ದನಿಯನ್ನು ತಗ್ಗಿಸಿ, ತಟ್ಟನೆ ನಿಂತಿತು. ಸಾಕೆಟ್ಟೂ ಅದರೊಡನೆ ನಿರ್ಜೀವವಾಯಿತು. ಇದ್ದಷ್ಟು ಗಾಳಿಯಲ್ಲಿಯೇ ನಿಧಾನವಾಗಿ ಸಾಗಿ ಪಂಕ್ಚರ್ ಅಂಗಡಿಯನ್ನು ಸೇರಿದಾಗ, ಪಕ್ಕದಲ್ಲಿಯೇ ಕುಳಿತಿದ್ದ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ನಾನು ಕೇಳುವ ಮೊದಲೇ ಸ್ಟೀರಿಂಗಿನ ಕೆಳಗಿನ ಮುಚ್ಚಳವನ್ನು ತೆಗೆದು, ಒಳಗೆ ಸಾಲಾಗಿ ನಿಂತಿದ್ದ ಬಣ್ಣಬಣ್ಣದ ಫ್ಯೂಸುಗಳ ಪೈಕಿ ನೀಲಿಯದೊಂದನ್ನು ಪುಟ್ಟ ಪ್ಲಾಸ್ಟಿಕ್ ಚಿಮಟದಿಂದ ಕಿತ್ತು ಬೆಳಕಿಗೆ ಹಿಡಿದರು. ಪಾರದರ್ಶಕವಾದ ಆ ನೀಲಿ ಕವಚದೊಳಗೆ ಬಾಗಿ ನಿಂತಿದ್ದ ಲೋಹದ ಎಳೆ ನಡುವೆ ತುಂಡಾಗಿತ್ತು. ತುಂಡಾದ ಕಡೆ ಸಾಸಿವೆಯಷ್ಟು ಮಸಿ ಅಂಟಿತ್ತು. “ಇದು ಹೋಯ್ತು ಅಂತ ಬೇಜಾರ್ ಮಾಡ್ಕೋಬೇಡಿ ಯಜಮಾನ್ರೇ, ಇದು ಹೋಗ್ದೆ ಇದ್ದಿದ್ರೆ ವೈರಿಂಗೇ ಸುಟ್ಟೋಗ್ತಿತ್ತು” ಎಂದು ಹೇಳಿ, ಹೊಸದನ್ನು ಸಿಕ್ಕಿಸಿ, ಇಪ್ಪತ್ತು ರೂಪಾಯಿ ಪಡೆದರು. ಇದೇ ಲಕ್ಷಣಕ್ಕೆ ನನ್ನ ಬಂಧುವೊಬ್ಬರಿಗೆ ನಗರದ ಗ್ಯಾರೇಜೊಂದು ಸಾಕೆಟ್ಟನ್ನೂ ವೈರನ್ನೂ ಬದಲಿಸಬೇಕೆಂದು ಎರಡು ಸಾವಿರ ರೂಪಾಯಿಯ ಅಂದಾಜನ್ನು ಬರೆದುಕೊಟ್ಟಿತ್ತು.

ಇದರ ಒಳಗುಟ್ಟು ಪ್ರೌಢಶಾಲೆಯ ಭೌತಶಾಸ್ತ್ರವನ್ನು ಮೀರಿದ್ದಲ್ಲ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರು ದೊರೆಯುತ್ತದೆ: 120 ವ್ಯಾಟಿನ ಉಪಕರಣ 12 ವೋಲ್ಟಿನ ಬ್ಯಾಟರಿಯಿಂದ 10 ಆಂಪಿಯರಿನಷ್ಟು ವಿದ್ಯುತ್ತನ್ನು ಎಳೆಯುತ್ತದೆ, ಅದರ ಮೋಟಾರು ಹಳೆಯದಾಗಿ, ಬಿಗಿದುಕೊಂಡು, ತಿರುಗಲು ಹೆಣಗಿದರೆ ಆ ಸೆಳೆತ ಇನ್ನೂ ಏರುತ್ತದೆ. ಕೆಂಪು ಫ್ಯೂಸು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರಿನವರೆಗೆ ತಾಳುವಂಥವು. ಯಾವುದು ಯಾವ ದೀಪಕ್ಕೆ, ಯಾವ ಮೋಟಾರಿಗೆ ಸೇರಿದ್ದೆಂಬ ನಕ್ಷೆ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿಯೋ ಕಾರಿನೊಡನೆ ಬಂದ ಕೈಪಿಡಿಯಲ್ಲಿಯೋ ಇರುತ್ತದೆ. ಹಾರ್ನು, ವೈಪರು, ಕಿಟಕಿಯ ಗಾಜು ಇವುಗಳಲ್ಲಿ ಯಾವುದು ಮೌನತಾಳಿದರೂ ಇಗ್ನಿಷನ್ ಆರಿಸಿ ಮೊದಲು ಇಲ್ಲಿ ಕಣ್ಣಾಡಿಸುವುದು ಕ್ಷೇಮ. ಬದಲಿಸುವಾಗ ಅದೇ ಅಂಕಿಯ ಫ್ಯೂಸನ್ನೇ ಹಾಕತಕ್ಕದ್ದು. ನೀಲಿಯ ಸ್ಥಾನದಲ್ಲಿ ಹಸಿರನ್ನು ಕೂರಿಸುವುದಾಗಲಿ, ಸಿಗರೇಟು ಪ್ಯಾಕಿನ ಬೇಗಡೆಯನ್ನು ಸುತ್ತಿ ಕೆಲಸ ಸಾಗಿಸುವುದಾಗಲಿ ಕೂಡದು. ಹಾಗೆ ಮಾಡಿದಲ್ಲಿ ಹತ್ತಿಪ್ಪತ್ತು ರೂಪಾಯಿಯ ಎಳೆ ಕರಗುವ ಬದಲು ಕಾರಿನ ವೈರುಗಳ ಹೊದಿಕೆಯೇ ಕರಗಿ, ಬೆಂಕಿಗೂ ಆಸ್ಪದವಾಗುತ್ತದೆ.

ಟೈರಿನ ವಿಷಯ ಇನ್ನಷ್ಟು ವಿಸ್ತಾರವಾದುದು, ಏಕೆಂದರೆ ಅಲ್ಲಿ ನಷ್ಟವು ತಟ್ಟನೆ ಕಾಣಿಸಿಕೊಳ್ಳದೆ ಕಿಲೋಮೀಟರು ಕಿಲೋಮೀಟರಾಗಿ ಸೋರುತ್ತದೆ. ಚಾಲಕನ ಬಾಗಿಲನ್ನು ತೆರೆದರೆ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಗಾಳಿಯ ಒತ್ತಡ ನಮೂದಾಗಿರುತ್ತದೆ. ನನ್ನ ಕಾರಿಗೆ ಅದು 33 ಪಿ.ಎಸ್.ಐ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಒತ್ತಡದ ಅಂಕಿ ಆ ಟೈರು ತಾಳಬಲ್ಲ ಗರಿಷ್ಠ ಒತ್ತಡವೇ ವಿನಾ ತುಂಬಿಸಬೇಕಾದ ಅಳತೆಯಲ್ಲ. ಬಂಕಿನ ಹುಡುಗ “ಎಷ್ಟು ಹಾಕ್ಲಿ ಸಾರ್?” ಎಂದು ಕೇಳಿದಾಗ “ನೀನೇ ನೋಡಿ ಹಾಕಪ್ಪ” ಎಂಬ ಉತ್ತರವನ್ನು ಕೊಡುವ ಹಿರಿಯರನ್ನು ನಾನು ಪ್ರತಿ ಸಲವೂ ಕಾಣುತ್ತೇನೆ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚಾಗಿ ತೋರುವುದರಿಂದ ಬೆಳಗ್ಗೆ, ಕಾರು ತಣ್ಣಗಿರುವಾಗ, ಮನೆಯ ಹತ್ತಿರದ ಬಂಕಿನಲ್ಲಿ ಅಳೆಯಿಸುವುದು ಲೇಸು. ನೈಟ್ರೋಜನ್ನಿಗೆ ಹಣ ತೆರಬೇಕೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೆ: ನಾವು ಉಸಿರಾಡುವ ಗಾಳಿಯಲ್ಲಿಯೇ ಶೇಕಡಾ 78ರಷ್ಟು ಅದೇ ಇದೆ, ತಿಂಗಳಿಗೊಮ್ಮೆ ತಪ್ಪದೆ ಅಳೆಯಿಸುವವನಿಗೆ ಬಂಕಿನ ಉಚಿತ ಗಾಳಿ ಧಾರಾಳವಾಗಿ ಸಾಕು.

ಇನ್ನು ಲೆಕ್ಕ. ಸಣ್ಣ ಕಾರಿನ ಟೈರೊಂದಕ್ಕೆ 4,000 ರೂಪಾಯಿಯೆಂದು ಹಿಡಿದರೆ ನಾಲ್ಕಕ್ಕೆ 16,000. ಅವು 40,000 ಕಿಲೋಮೀಟರು ಬಾಳಿದರೆ ಕಿಲೋಮೀಟರಿಗೆ 40 ಪೈಸೆ. ಗಾಳಿ ಕಡಮೆಯಾಗಿ ಅಂಚುಗಳು ಸವೆದೋ, ಅಲೈನ್‌ಮೆಂಟ್ ತಪ್ಪಿ ಒಂದು ಬದಿಯೇ ಸವೆದೋ 30,000ಕ್ಕೆ ಮುಗಿದರೆ 53 ಪೈಸೆ. ವರ್ಷಕ್ಕೆ 10,000 ಕಿಲೋಮೀಟರು ಓಡಿಸುವವನಿಗೆ ಈ ವ್ಯತ್ಯಾಸ ಸುಮಾರು 1,300 ರೂಪಾಯಿ. ಇಂಧನದ ಉಳಿತಾಯವನ್ನು ಮಾತ್ರ ನಾವು ವಾಡಿಕೆಯಂತೆ ಉತ್ಪ್ರೇಕ್ಷಿಸುತ್ತೇವೆ. ನಾಲ್ಕೂ ಟೈರುಗಳಲ್ಲಿ ಸರಾಸರಿ ಒತ್ತಡ ಒಂದು ಪಿ.ಎಸ್.ಐ. ಇಳಿದರೆ ಮೈಲೇಜು ಶೇಕಡಾ 0.2ರಷ್ಟು ಕುಗ್ಗುತ್ತದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ, ಐದು ಪಿ.ಎಸ್.ಐ. ಇಳಿದರೂ ನಷ್ಟ ಶೇಕಡಾ ಒಂದು. ಲೀಟರಿಗೆ 16 ಕಿಲೋಮೀಟರು ಕೊಡುವ ಕಾರಿಗೆ, ನೂರು ರೂಪಾಯಿಯನ್ನು ದಾಟಿರುವ ಪೆಟ್ರೋಲಿನಲ್ಲಿ, ಇದು ವರ್ಷಕ್ಕೆ ಆರುನೂರು ಚಿಲ್ಲರೆ. ಎರಡನ್ನೂ ಕೂಡಿಸಿದರೆ ಬರುವ ಎರಡು ಸಾವಿರದಲ್ಲಿ, 10,000 ಕಿಲೋಮೀಟರಿಗೊಮ್ಮೆ ಟೈರುಗಳನ್ನು ಹಿಂದುಮುಂದು ಬದಲಿಸಿ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸುವ ಕೂಲಿಯೇ ಅರ್ಧದಷ್ಟನ್ನು ನುಂಗುತ್ತದೆ. ಉಳಿಯುವುದು ಅಲ್ಪವೆಂದು ಯಾರಾದರೂ ಮೂಗು ಮುರಿದರೆ ನಾನು ವಾದಿಸುವುದಿಲ್ಲ; ಅಂಥವರು ಒಮ್ಮೆ ಸ್ಟೀರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ, ಕೆಳಗಿಳಿದು, ಮುಂದಿನ ಟೈರಿನ ಒಳಮಗ್ಗುಲನ್ನು ನೋಡಲಿ. ನಿಂತು ನೋಡಿದವನಿಗೆ ಹೊಸದರಂತೆ ತೋರುವ ಟೈರು ಒಳಗಡೆ ನುಣ್ಣಗಾಗಿ, ಒಂದು ಕಡೆ ದಾರದ ಎಳೆಯೇ ಹೊರಕ್ಕೆ ಇಣುಕುತ್ತಿದ್ದುದನ್ನು ನಾನು ಆಪ್ತರೊಬ್ಬರ ಕಾರಿನಲ್ಲಿ ಕಂಡಿದ್ದೇನೆ. ಅವರು ಮರುದಿನವೇ ಸಂಸಾರಸಮೇತ ಧರ್ಮಸ್ಥಳಕ್ಕೆ ಹೊರಡುವವರಿದ್ದರು.

ಹಳ್ಳಗೆರೆಗಳ ತಳದಲ್ಲಿ ಅಡ್ಡಲಾಗಿ ಎದ್ದಿರುವ ಪುಟ್ಟ ದಿಬ್ಬದ ಮಟ್ಟಕ್ಕೆ ಟೈರು ಸವೆಯಿತೆಂದರೆ ಹಳ್ಳದ ಆಳ 1.6 ಮಿಲಿಮೀಟರಿಗೆ ಇಳಿಯಿತೆಂದೂ ಆ ಟೈರಿನ ಆಯುಸ್ಸು ಮುಗಿಯಿತೆಂದೂ ಅರ್ಥ. ನಿವೃತ್ತರ ಕಾರಿನ ಸಂಗತಿ ಬೇರೆ: ಅದು ಹೆಚ್ಚು ಓಡದ ಕಾರಣ ಹಳ್ಳಗಳು ಆಳವಾಗಿಯೇ ಇದ್ದು, ರಬ್ಬರು ಮಾತ್ರ ವಯಸ್ಸಿನಿಂದ ಬಿರಿದಿರುತ್ತದೆ. ಟೈರಿನ ಪಕ್ಕದ ನಾಲ್ಕು ಅಂಕಿಗಳಲ್ಲಿ ಜನ್ಮಕಾಲವೇ ಬರೆದಿರುತ್ತದೆ. 2319 ಎಂದರೆ 2019ರ 23ನೆಯ ವಾರ. ಹೊಸ ಟೈರನ್ನು ಕೊಳ್ಳುವಾಗ ರಿಯಾಯಿತಿಯನ್ನು ಕೇಳುವುದಕ್ಕೆ ಮೊದಲು ಈ ಅಂಕಿಗಳನ್ನು ಓದಿಕೊಳ್ಳುವುದು ವಿವೇಕ.

ಅಗ್ಗದಿಂದ ಮೊದಲುಗೊಳ್ಳುವ ನಿಯಮ ಎಲ್ಲಿಗೆ ನಿಲ್ಲಬೇಕೆಂಬುದನ್ನೂ ಹೇಳಿಬಿಡುವುದು ನ್ಯಾಯ. ಹಾಕಿದ ಹೊಸ ಫ್ಯೂಸು ಆಗಲೇ ಮತ್ತೆ ಹೋದರೆ ಎಲ್ಲಿಯೋ ವೈರು ಸುಲಿದು ಲೋಹಕ್ಕೆ ತಗುಲುತ್ತಿದೆಯೆಂದೋ, ಇಲಿ ಕಡಿದಿದೆಯೆಂದೋ ತಿಳಿದು, ಮೂರನೆಯದನ್ನು ಹಾಕದೆ ಎಲೆಕ್ಟ್ರಿಷಿಯನ್ನರ ಬಳಿಗೆ ಹೋಗತಕ್ಕದ್ದು. ಟೈರಿನ ಪಕ್ಕದ ಗೋಡೆ ಉಬ್ಬಿಕೊಂಡಿದ್ದರೆ ಪಂಕ್ಚರ್ ಅಂಗಡಿಯ ತೇಪೆಯನ್ನು ನೆಚ್ಚದೆ ಹೊಸದನ್ನೇ ಕೊಳ್ಳತಕ್ಕದ್ದು. ಈ ಎರಡು ಸಂದರ್ಭಗಳಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ವರ್ಷವೆಲ್ಲ ಹತ್ತು, ಇಪ್ಪತ್ತು ರೂಪಾಯಿಗಳನ್ನು ಎಣಿಸಿ ಉಳಿಸಿದ್ದು ಇಂಥ ದಿನ ಲೆಕ್ಕಿಸದೆ ಕೊಡುವುದಕ್ಕಾಗಿಯೇ.