ಪೆಡಲ್ ಸದ್ದು ಮಾಡಿದರೆ ಎಣ್ಣೆ ಡಬ್ಬಿಗೆ ಕೈ ಹಾಕಬೇಡಿ

ಮಕ್ಕಳೇ,

ಕಾರವಾರದಿಂದ ಹೊರಟು ಬಿಣಗಾ, ಅರಗಾ, ಅಮದಳ್ಳಿ, ಅವರ್ಸಾ ದಾಟಿ ಅಂಕೋಲೆಯವರೆಗೆ ಬೆಳಗಿನ ತಂಪಿನಲ್ಲಿ ಸೈಕಲ್ ತುಳಿಯುವ ಹುಡುಗ ಹುಡುಗಿಯರನ್ನು ನೋಡಿದರೆ ಮನಸ್ಸು ತುಂಬಿ ಬರುತ್ತದೆ. ನಿಮ್ಮಲ್ಲಿ ಕೆಲವರು ಈಗ ಕ್ಲಿಪ್‌ಲೆಸ್ ಪೆಡಲ್ ಹಾಕಿಸಿಕೊಂಡಿದ್ದೀರಿ. ಬೂಟಿನ ತಳದ ಕ್ಲೀಟು ಪೆಡಲ್‌ನೊಳಗೆ ಕಚ್ಚಿಕೊಳ್ಳುತ್ತದೆ, ಹಿಮ್ಮಡಿಯನ್ನು ಹೊರಕ್ಕೆ ತಿರುಚಿದರೆ ಬಿಟ್ಟುಕೊಳ್ಳುತ್ತದೆ. ಹಾಕಿಸಿಕೊಂಡು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನೀವು ಬಂದು ಕೇಳುವ ಪ್ರಶ್ನೆ ಮಾತ್ರ ಎಲ್ಲರದ್ದೂ ಒಂದೇ: "ಕಾಕಾ, ತುಳಿದಾಗೆಲ್ಲ ಟಿಕ್ ಟಿಕ್ ಅಂತದೆ, ಯಾವ ಎಣ್ಣೆ ಬಿಡಬೇಕು?"

ಎಣ್ಣೆಯ ಮಾತು ಆಮೇಲೆ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುವ ಮುಂಚೆ ಎಣ್ಣೆ ಬಿಟ್ಟರೆ ಸದ್ದು ನಾಲ್ಕು ದಿನ ಅಡಗುತ್ತದೆ, ಕಾರಣ ಹಾಗೇ ಉಳಿಯುತ್ತದೆ. ಆ ಕಾರಣ ಕೆಲವೊಮ್ಮೆ ತೀರ ಸಣ್ಣದು. ಕೆಲವೊಮ್ಮೆ ಪ್ರಾಣಕ್ಕೆ ಎರವಾಗುವಂಥದ್ದು. ಎರಡನ್ನೂ ಬೇರೆ ಮಾಡಿ ನೋಡಲು ಕಲಿಯಿರಿ ಎಂಬುದೇ ನಾನು ಹೇಳಬೇಕೆಂದಿರುವ ಮಾತು.

ಕ್ಲೀಟನ್ನು ಬೂಟಿಗೆ ಹಿಡಿದಿಡುವ ಸ್ಕ್ರೂ ಸಡಿಲವಾದಾಗಲೂ ಸದ್ದು ಬರುತ್ತದೆ. ಆಗ ನೀವು ಹಿಮ್ಮಡಿ ತಿರುಚಿದರೆ ಬೂಟು ಮಾತ್ರ ತಿರುಗುತ್ತದೆ, ಕ್ಲೀಟು ಪೆಡಲ್‌ನಲ್ಲೇ ಕಚ್ಚಿಕೊಂಡು ಕೂರುತ್ತದೆ. ಕಾಲು ಬಿಡಿಸಿಕೊಳ್ಳಲು ಆಗುವುದೇ ಇಲ್ಲ. ಲಾರಿಗಳು ಸಾಲುಗಟ್ಟಿ ಓಡುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ನಿಂತ ಸೈಕಲ್ಲಿನಿಂದ ಕಾಲು ನೆಲಕ್ಕೆ ಊರಲಾಗದೆ ಬಲಕ್ಕೆ ಬಿದ್ದರೆ ಏನಾದೀತು ಎಂದು ಯೋಚಿಸಿ. ಆದ್ದರಿಂದ ಸದ್ದು ಕೇಳಿದ ದಿನ ಮೊದಲು ಬೂಟನ್ನು ತಿರುವಿ ಹಾಕಿ ಸ್ಕ್ರೂ ನೋಡಿ. ಉಳಿದ ಪರೀಕ್ಷೆ ಎಲ್ಲ ಅದಾದ ಮೇಲೆ.

ಇನ್ನು ಸದ್ದಿನ ಮೂಲ ಹುಡುಕುವ ಬಗೆ. ಸೈಕಲ್ಲಿನಲ್ಲಿ ಕಿವಿ ಸುಳ್ಳು ಹೇಳುತ್ತದೆ. ಚೌಕಟ್ಟಿನ ಕೊಳವೆಗಳು ಟೊಳ್ಳು. ಎಲ್ಲೋ ಹುಟ್ಟಿದ ಸದ್ದು ಕೊಳವೆಯುದ್ದಕ್ಕೂ ಓಡಿ ಇನ್ನೆಲ್ಲೋ ಕೇಳಿಸುತ್ತದೆ. ಸೀಟಿನಡಿ ಕಿರುಗುಟ್ಟಿದ್ದು ಪೆಡಲಿನದು ಅನ್ನಿಸುತ್ತದೆ. ಅದಕ್ಕೇ ಕಿವಿಯೊಂದನ್ನೇ ನಂಬದೆ, ಒಂದೊಂದನ್ನೇ ಪಟ್ಟಿಯಿಂದ ತೆಗೆದುಹಾಕುತ್ತ ಹೋಗಬೇಕು. ಈ ಪರೀಕ್ಷೆಗೆ ಹೆದ್ದಾರಿ ಬೇಡ, ವಾಹನವಿಲ್ಲದ ಊರೊಳಗಿನ ರಸ್ತೆ ಸಾಕು.

ವೇಗ ಬಂದ ಮೇಲೆ ತುಳಿಯುವುದನ್ನು ನಿಲ್ಲಿಸಿ, ಸೈಕಲ್ ತಾನೇ ಉರುಳಲಿ. ಆಗಲೂ ಸದ್ದಿದ್ದರೆ ಅದು ಚಕ್ರದ್ದು, ಪೆಡಲಿನದಲ್ಲ. ಸದ್ದು ನಿಂತರೆ ಮತ್ತೆ ತುಳಿದು ಎಣಿಸಿ. ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಬರುತ್ತದೆಯೇ, ಎರಡು ಮೂರು ಸುತ್ತಿಗೊಮ್ಮೆ ಬರುತ್ತದೆಯೇ? ಎರಡು ಮೂರು ಸುತ್ತಿಗೊಮ್ಮೆ ಬಂದರೆ ಚೈನಿನ ಕೊಂಡಿಯೊಂದು ಬಿಗಿದುಕೊಂಡಿದೆ. ಚೈನು ಪೂರ್ತಿ ಒಂದು ಸುತ್ತು ಬರಲು ಕ್ರ್ಯಾಂಕು ಅಷ್ಟು ಸಲ ತಿರುಗಬೇಕಾಗುತ್ತದೆ. ಪ್ರತಿ ಸುತ್ತಿಗೂ ಬಂದರೆ ಸೀಟಿನಿಂದ ಎದ್ದು ನಿಂತು ತುಳಿಯಿರಿ. ಸದ್ದು ಮಾಯವಾದರೆ ತಪ್ಪು ಸೀಟಿನ ಹಳಿಯದ್ದು ಇಲ್ಲವೇ ಸೀಟ್‌ಪೋಸ್ಟಿನದು.

ಹಾಗೂ ಉಳಿದರೆ ಬೂಟು ಬಿಚ್ಚಿ, ಮಾಮೂಲಿ ಚಪ್ಪಲಿಯಲ್ಲಿ ಅದೇ ಪೆಡಲನ್ನು ಮೆಲ್ಲಗೆ ತುಳಿದು ನೋಡಿ. ಸದ್ದು ಹೋಯಿತೆಂದರೆ ಬೂಟು, ಕ್ಲೀಟು, ಕ್ಲೀಟು ಕೂರುವ ಜಾಗ, ಈ ಮೂರರೊಳಗೆ ಕಾರಣವಿದೆ. ಹೋಗದಿದ್ದರೆ ಪೆಡಲನ್ನೇ ಬಿಚ್ಚಿ, ಸಾದಾ ಪೆಡಲ್ ಜೋಡಿಯೊಂದನ್ನು ಹಾಕಿ ತುಳಿಯಿರಿ. ಈಗ ಹೋದರೆ ಪೆಡಲಿನ ಬೇರಿಂಗು ಇಲ್ಲವೇ ಥ್ರೆಡ್ಡು. ಸಾದಾ ಪೆಡಲಿನಲ್ಲೂ ಸದ್ದಿದ್ದರೆ ಕ್ರ್ಯಾಂಕಿನ ಬೋಲ್ಟು, ಹಲ್ಲುಗಾಲಿಯ ಬೋಲ್ಟುಗಳು, ಕ್ರ್ಯಾಂಕು ತಿರುಗುವ ಬಾಟಮ್ ಬ್ರಾಕೆಟ್ಟು ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಸರಿಮಾಡಿದರೆ ಯಾವುದರಿಂದ ಗುಣವಾಯಿತೆಂದು ಎಂದೂ ತಿಳಿಯುವುದಿಲ್ಲ. ಮುಂದಿನ ಸಲ ಮತ್ತೆ ಮೊದಲಿಂದ ಹುಡುಕಬೇಕಾಗುತ್ತದೆ.

ಮೂಲ ಸಿಕ್ಕ ಮೇಲೆ ಮದ್ದು ಕಷ್ಟವಲ್ಲ. ಕಾಲನ್ನು ಆಚೀಚೆ ತಿರುಚಿದಾಗ ಕಿರಕಿರ ಎಂದರೆ ಕ್ಲೀಟು ಮತ್ತು ಪೆಡಲ್ ಒಣಗಿ ಉಜ್ಜುತ್ತಿವೆ. ರೋಡ್ ಸೈಕಲ್ಲಿನ ಪ್ಲಾಸ್ಟಿಕ್ ಕ್ಲೀಟಿನಲ್ಲಿ ಇದು ಜಾಸ್ತಿ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮರಳು ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಮೇಣದ ಡ್ರೈ ಲ್ಯೂಬನ್ನು ಕ್ಲೀಟಿನ ಮುಂದಿನ ಮತ್ತು ಹಿಂದಿನ ಅಂಚಿಗೆ ಒಂದೊಂದು ಹನಿ ಹಚ್ಚಿ. ಕೇಣಿ, ಬೇಲೆಕೇರಿ ಕಡಲತೀರದಲ್ಲಿ ಇಳಿದು ನಡೆದು ಬಂದವರ ಕ್ಲೀಟಿನಲ್ಲಿ ಹತ್ತಿಪ್ಪತ್ತು ಮರಳಿನ ಕಾಳಾದರೂ ಇರುತ್ತದೆ. ಅದರ ಮೇಲೆ ಜಿಡ್ಡಿನ ಎಣ್ಣೆ ಬಿಟ್ಟರೆ ಮರಳು ಅಂಟಿಕೊಂಡು ಅರೆಯುವ ಹಿಟ್ಟಾಗುತ್ತದೆ. ಪ್ಲಾಸ್ಟಿಕ್ ಸವೆದು ತೆಳುವಾಗಿದ್ದರೆ ಯಾವ ಮದ್ದೂ ಸಾಲದು, ಕ್ಲೀಟು ಬದಲಿಸಿ.

ನಮ್ಮ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ತೆಂಗಿನೆಣ್ಣೆ. ಅದನ್ನು ಪೆಡಲಿಗೆ ಬಿಡಬೇಡಿ. 24 ಡಿಗ್ರಿಗಿಂತ ಕೆಳಗೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ, ಡಿಸೆಂಬರ್‌ ಬೆಳಗಿನಲ್ಲಿ ಬಾಟಲಿ ನೋಡಿದ್ದೀರಲ್ಲ. ದಿನ ಕಳೆದಂತೆ ಕಮಟು ಹಿಡಿದು ಅಂಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯನ್ನೂ ಬೇರಿಂಗಿಗೆ ಹೊಡೆಯಬೇಡಿ. ಅದು ಒಳಗಿನ ಗ್ರೀಸನ್ನು ಕರಗಿಸಿ ತೊಳೆದುಬಿಡುತ್ತದೆ.

ಒತ್ತಿ ತುಳಿದಾಗ ಪಾದದಡಿ ಟಕ್ಕೆಂದರೆ ಕ್ಲೀಟಿನ ಸ್ಕ್ರೂ ಕಡೆಗೆ ಬನ್ನಿ. ಬಿಚ್ಚುವ ಮುಂಚೆ ಕ್ಲೀಟಿನ ಸುತ್ತ ಪೆನ್ನಿನಿಂದ ಗೆರೆ ಎಳೆದುಕೊಳ್ಳಿ. ಕ್ಲೀಟು ಕೂರುವ ಕೋನ ಸ್ವಲ್ಪ ತಪ್ಪಿದರೂ ಮೊಣಕಾಲು ನೋಯುತ್ತದೆ. ಸ್ಕ್ರೂ ಬಿಚ್ಚಿ, ಬೂಟಿನ ತಳ ಒರೆಸಿ, ಸ್ಕ್ರೂವಿನ ಥ್ರೆಡ್ಡಿಗೆ ಚೂರು ಗ್ರೀಸು ಹಚ್ಚಿ, ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. 5ರಿಂದ 6 ನ್ಯೂಟನ್ ಮೀಟರ್ ಸಾಕು, ಅಂದರೆ ಪುಟ್ಟ ಅಲೆನ್ ಕೀಯನ್ನು ಬೆರಳಲ್ಲಿ ಹಿಡಿದು ಗಟ್ಟಿಯಾಗಿ ತಿರುಗಿಸಿದಷ್ಟು. ಹೊಸ ಕ್ಲೀಟು ಹಾಕಿದವರು ಮೊದಲ ಸವಾರಿಯ ನಂತರ ಇನ್ನೊಮ್ಮೆ ಬಿಗಿ ನೋಡಿ. ಇಷ್ಟಾದರೂ ಕೀಚ್ ಎಂದರೆ ಅದು ಒಳಹಾಸಿನ ಸದ್ದು ಇರಬಹುದು. ಒಳಹಾಸು ತೆಗೆದು ಅದರಡಿ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿದರೆ ನಿಲ್ಲುತ್ತದೆ.

ಪೆಡಲ್ ಕ್ರ್ಯಾಂಕಿಗೆ ಕೂರುವ ಥ್ರೆಡ್ಡು ಒಣಗಿದ್ದರೆ ಬಲ ಹಾಕಿದಾಗೆಲ್ಲ ಕಟ್ ಎನ್ನುತ್ತದೆ. ಬಿಚ್ಚಲು ಹೊರಟವರು ಒಂದು ವಿಷಯ ನೆನಪಿಡಿ: ಬಲ ಪೆಡಲಿನ ಥ್ರೆಡ್ಡು ಮಾಮೂಲಿ, ಎಡ ಪೆಡಲಿನದು ಉಲ್ಟಾ. ತುಳಿಯುತ್ತಿರುವಾಗ ಪೆಡಲ್ ತಾನಾಗಿ ಬಿಚ್ಚಿಕೊಳ್ಳದಿರಲಿ ಎಂದೇ ಹಾಗೆ ಮಾಡಿದ್ದಾರೆ. ಗೊಂದಲವಾದರೆ ಇಷ್ಟು ತಿಳಿದುಕೊಳ್ಳಿ. ಎಡವಿರಲಿ ಬಲವಿರಲಿ, ಪೆಡಲಿನ ಅಚ್ಚು ಮೇಲ್ಗಡೆಯಿಂದ ಮುಂದಿನ ಚಕ್ರದ ಕಡೆ ತಿರುಗಿದರೆ ಬಿಗಿಯಾಗುತ್ತದೆ, ಹಿಂದಿನ ಚಕ್ರದ ಕಡೆ ತಿರುಗಿದರೆ ಸಡಿಲವಾಗುತ್ತದೆ. ಕೆಲವಕ್ಕೆ 15 ಮಿಲಿಮೀಟರ್ ಸ್ಪ್ಯಾನರ್ ಬೇಕು, ಕೆಲವಕ್ಕೆ 6 ಅಥವಾ 8ರ ಅಲೆನ್ ಕೀ. ಬಿಚ್ಚಿದ ಮೇಲೆ ಎರಡೂ ಕಡೆಯ ಥ್ರೆಡ್ಡನ್ನು ಬ್ರಷ್ಷಿನಿಂದ ಉಜ್ಜಿ, ಗ್ರೀಸು ಸವರಿ, ಮೊದಲ ಕೆಲವು ಸುತ್ತನ್ನು ಬರಿಗೈಯಿಂದಲೇ ಹಾಕಿ. ಕೈಯಲ್ಲಿ ಸಲೀಸಾಗಿ ಹೋಗದಿದ್ದರೆ ಓರೆಯಾಗಿ ಕೂತಿದೆ, ತೆಗೆದು ಮತ್ತೆ ಹಾಕಿ. ಸ್ಪ್ಯಾನರ್ ಹಾಕಿ ಒತ್ತಾಯ ಮಾಡಿದರೆ ಕ್ರ್ಯಾಂಕೇ ಹಾಳು. ಕೊನೆಯ ಬಿಗಿ ಸುಮಾರು 35 ನ್ಯೂಟನ್ ಮೀಟರ್, ಅಂದರೆ 20 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ತುದಿಗೆ ಸುಮಾರು 18 ಕಿಲೋ ಭಾರ ಬಿಟ್ಟಷ್ಟು.

ಬೇರಿಂಗಿನ ಕಾಯಿಲೆ ಬೆರಳಿಗೆ ಗೊತ್ತಾಗುತ್ತದೆ. ಬಿಚ್ಚಿದ ಪೆಡಲಿನ ಅಚ್ಚನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ನುಣುಪಾಗಿ ತಿರುಗಿದರೆ ಒಳ್ಳೆಯದು. ಗರಗರ ಎಂದರೆ ಒಳಗೆ ನೀರು, ತುಕ್ಕು ಸೇರಿದೆ. ಅಲುಗಾಡಿದರೆ ಬೇರಿಂಗನ್ನು ಹಿಡಿದಿಡುವ ಕೋನು ಸಡಿಲವಾಗಿದೆ, ಇಲ್ಲವೇ ಒಳಗೆ ಸವೆದಿದೆ. ಬಿಡಿ ಗುಂಡುಗಳಿರುವ ಪೆಡಲಾದರೆ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸು ತುಂಬಿ, ಅಲುಗಾಟವೂ ಇರದಂತೆ ಬಿಗಿಯೂ ಆಗದಂತೆ ಕೋನು ಕೂರಿಸಬೇಕು. ಇದು ತಾಳ್ಮೆಯ ಕೆಲಸ. ಮೊದಲ ಸಲ ಗೊತ್ತಿದ್ದವರ ಪಕ್ಕದಲ್ಲಿ ಕೂತು ಮಾಡಿ. ಮುಚ್ಚಿದ ಬೇರಿಂಗಾದರೆ ಬದಲಿಸುವುದೇ ದಾರಿ. ಅಚ್ಚಿನಲ್ಲೋ ಕ್ರ್ಯಾಂಕಿನಲ್ಲೋ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಭಾಗವನ್ನು ಮತ್ತೆ ತುಳಿಯಬೇಡಿ. ಅದಕ್ಕೆ ರಿಪೇರಿ ಎಂಬುದಿಲ್ಲ.

ಇದಿಷ್ಟೂ ಎಲ್ಲ ಊರಿನ ಸೈಕಲ್ಲಿಗೂ ಹೊಂದುವ ಮಾತು. ನಮ್ಮ ಕಡಲಂಚಿನ ಊರಿಗೆ ಇನ್ನೊಂದಿಷ್ಟು ಸೇರಿಸಬೇಕು. ಸೈಕಲ್ ರಿಪೇರಿಯ ಪುಸ್ತಕಗಳನ್ನು ಬರೆದವರು ಹೆಚ್ಚಾಗಿ ಹೊರದೇಶದವರು. ಹಿಮದ ಜಾರುಹಲಗೆಗೆ ಬೂಟು ಕಚ್ಚಿಸುವ ವಿದ್ಯೆಯನ್ನು ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಸೈಕಲ್ ಪೆಡಲಿಗೆ ತಂದಿತು, ಮರುವರ್ಷ ಬರ್ನಾರ್ ಇನೊ ಎಂಬ ಸವಾರ ಅದೇ ಪೆಡಲ್ ತುಳಿದು ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆ ಗೆದ್ದರು. ಅಲ್ಲಿ ಹುಟ್ಟಿದ ಯಂತ್ರ ಇಲ್ಲಿ ಎದುರಿಸುವುದು ಬೇರೆಯದೇ ಹವೆಯನ್ನು. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅದರ ಜೊತೆಗೆ ಉಪ್ಪು. ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. 1930ರಲ್ಲಿ ಅಂಕೋಲೆಯ ಜನ ಬ್ರಿಟಿಷರ ಕಾನೂನು ಮುರಿದು ಉಪ್ಪು ತೆಗೆದದ್ದು ಈ ಕಡಲಿನಿಂದಲೇ. ಅಲೆಯೊಡೆದು ಎದ್ದ ತುಂತುರು ಗಾಳಿಯಲ್ಲಿ ಬಂದು ಸೈಕಲ್ಲಿನ ಮೇಲೆ ಕೂರುತ್ತದೆ, ನೀರು ಆರಿ ಉಪ್ಪು ಉಳಿಯುತ್ತದೆ.

ಆ ಉಪ್ಪು ಸುಮ್ಮನಿರುವುದಿಲ್ಲ. ಗಾಳಿಯ ತೇವ ನೂರಕ್ಕೆ 75 ದಾಟಿತೆಂದರೆ ಉಪ್ಪು ತಾನೇ ನೀರೆಳೆದುಕೊಂಡು ಕರಗತೊಡಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವ ಹಾಗೆಯೇ, ಒಂದು ಹನಿ ಮಳೆ ತಾಗದ ಸೈಕಲ್ಲಿನ ಸ್ಪ್ರಿಂಗೂ ಸ್ಕ್ರೂವೂ ಜಗಲಿಯಲ್ಲೇ ನಿಂತು ಉಪ್ಪುನೀರಿನಲ್ಲಿ ನೆನೆಯುತ್ತವೆ. ಪೆಡಲಿನ ಅಚ್ಚು ಉಕ್ಕು, ಕ್ರ್ಯಾಂಕು ಸಾಮಾನ್ಯವಾಗಿ ಅಲ್ಯುಮಿನಿಯಂ. ಈ ಎರಡು ಲೋಹಗಳ ನಡುವೆ ಉಪ್ಪುನೀರು ನಿಂತರೆ ಅಲ್ಲಿ ಸಣ್ಣ ವಿದ್ಯುತ್ ಹರಿದು ಅಲ್ಯುಮಿನಿಯಂ ಸವೆಯುತ್ತದೆ, ಬಿಳಿ ಪುಡಿ ಕಟ್ಟಿ ಪೆಡಲ್ ಬೆಸೆದ ಹಾಗೆ ಕಚ್ಚಿಕೊಳ್ಳುತ್ತದೆ. ನಡುವೆ ಗ್ರೀಸಿನ ಪದರ ಇದ್ದರೆ ನೀರಿಗೆ ಅಲ್ಲಿ ಜಾಗವಿಲ್ಲ. ಥ್ರೆಡ್ಡಿಗೆ ಗ್ರೀಸು ಹಚ್ಚಿ ಎಂದು ಅಷ್ಟು ಒತ್ತಿ ಹೇಳಿದ್ದು ಇದಕ್ಕಾಗಿ.

ಆದ್ದರಿಂದ ನಮ್ಮ ಊರಿಗೆ ನಮ್ಮದೇ ಪಂಚಾಂಗ ಇಟ್ಟುಕೊಳ್ಳಿ. ಮೃಗಶಿರಾ ಮಳೆ ಹಿಡಿಯುವ ಮೊದಲೊಮ್ಮೆ, ಚೌತಿ ಕಳೆದು ಮಳೆ ಇಳಿದ ಮೇಲೊಮ್ಮೆ, ಸದ್ದಿರಲಿ ಇಲ್ಲದಿರಲಿ ಪೆಡಲ್ ಬಿಚ್ಚಿ ಗ್ರೀಸು ಹಚ್ಚಿ. ಕಡಲಂಚಿನ ಸವಾರಿ ಮುಗಿಸಿ ಬಂದ ದಿನ ಬಾವಿಯ ಸಿಹಿನೀರನ್ನು ಚೊಂಬಿನಲ್ಲಿ ಮೆಲ್ಲಗೆ ಹೊಯ್ದು ತೊಳೆದು ಒರೆಸಿ. ಸರ್ವಿಸ್ ಸ್ಟೇಷನ್ನಿನ ಜೋರು ಪೈಪು ಬೇಡ, ಅದು ನೀರನ್ನು ಬೇರಿಂಗಿನ ಒಳಗೇ ನುಗ್ಗಿಸುತ್ತದೆ. ಒಣಗಿದ ಮೇಲೆ ಪೆಡಲಿನ ಸ್ಪ್ರಿಂಗಿಗೆ ಒಂದು ಹನಿ ತೆಳು ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಸದ್ದಾದರೆ ಯಾವ ಎಣ್ಣೆ ಎಂದು ಕೇಳಿದ್ದಿರಲ್ಲ, ಎಣ್ಣೆಯ ಜಾಗ ಇದು.

ಇದಕ್ಕೆ ದೊಡ್ಡ ಅಂಗಡಿ ಬೇಕಿಲ್ಲ. ಸ್ಪ್ಯಾನರು, ಅಲೆನ್ ಕೀ ಕಟ್ಟು, ಗ್ರೀಸಿನ ಡಬ್ಬಿ, ಬ್ರಷ್ಷು, ಚಿಂದಿ ಬಟ್ಟೆ ಇದ್ದರೆ ಸಾಕು. ಕಲಿತದ್ದನ್ನು ನಿಮ್ಮ ದುಬಾರಿ ಸೈಕಲ್ಲಿಗೆ ಮಾತ್ರ ಇಟ್ಟುಕೊಳ್ಳಬೇಡಿ ಎಂದು ಕೊನೆಗೆ ಕೇಳಿಕೊಳ್ಳುತ್ತೇನೆ. 2006-07ರಲ್ಲಿ ಸರಕಾರ ಎಂಟನೇ ಇಯತ್ತೆಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದ ಮೇಲೆ ನಮ್ಮ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಮುಟ್ಟಿದ್ದು ಅದೇ ಪೆಡಲ್ ತುಳಿದು. ಆ ಸೈಕಲ್ಲುಗಳ ಎಡ ಪೆಡಲಿನ ಥ್ರೆಡ್ಡೂ ಉಲ್ಟಾ, ಅವಕ್ಕೂ ಇದೇ ಉಪ್ಪು ಹಿಡಿಯುತ್ತದೆ, ಅವಕ್ಕೂ ಇದೇ ಗ್ರೀಸು ಸಾಕು. ಪಕ್ಕದ ಮನೆಯ ಹುಡುಗಿಯ ಪೆಡಲ್ ಕಟಕಟ ಅಂದರೆ ಕರೆದು ಕೂರಿಸಿಕೊಳ್ಳಿ. ಸ್ಪ್ಯಾನರನ್ನು ಅವಳ ಕೈಗೇ ಕೊಟ್ಟು, ಯಾವ ಕಡೆ ತಿರುಗಿಸಬೇಕೆಂದು ಹೇಳಿಕೊಡಿ.